ರೊಟ್ಟಿಯಿಂದ ಗಾಳದ ಎರೆಯನ್ನು ಸಿದ್ಧಪಡಿಸುವ ಕ್ರಮ

ಬಸವಕಲ್ಯಾಣ ಮತ್ತು ಹುಮನಾಬಾದ ತಾಲ್ಲೂಕುಗಳ ಕೆರೆಕುಂಟೆಗಳಲ್ಲಿಯೂ, ಮುಲ್ಲಾಮಾರಿ ಹೊಳೆಯ ಮಡುಗಳಲ್ಲಿಯೂ, ಚುಳಕಿನಾಲಾ ಜಲಾಶಯದಲ್ಲಿಯೂ ಗಾಳಕ್ಕೆ ಸಾಮಾನ್ಯವಾಗಿ ಎರೆಹುಳುವನ್ನು ಸಿಕ್ಕಿಸುವುದು ವಾಡಿಕೆ. ಬೇಸಗೆಯಲ್ಲಿ ಕರಿನೆಲವು ಒಣಗಿ ಬಿರುಕುಬಿಟ್ಟಾಗ ಹುಳುಗಳು ಆಳಕ್ಕಿಳಿಯುವುದರಿಂದ ಅವು ದೊರೆಯುವುದು ದುರ್ಲಭ. ಅಂತಹ ಕಾಲದಲ್ಲಿ ಮನೆಯಲ್ಲಿ ಉಳಿದ ರೊಟ್ಟಿಯಿಂದಲೇ ಉತ್ತಮವಾದ ಎರೆಯನ್ನು ಅಲ್ಪ ವೆಚ್ಚದಲ್ಲಿ ಸಿದ್ಧಪಡಿಸಬಹುದು.

ಯಾವ ರೊಟ್ಟಿ ತಕ್ಕದ್ದು?

ಈ ಸೀಮೆಯ ನಿತ್ಯಾಹಾರವಾದ ಜೋಳದ ರೊಟ್ಟಿಯು ನೀರಿನಲ್ಲಿ ಬೇಗನೆ ಚದರಿಹೋಗುವುದು. ಗೋಧಿಯ ಹಿಟ್ಟಿನಲ್ಲಿ ಗ್ಲೂಟೆನ್ ಎಂಬ ಅಂಟು ಉಂಟಾಗುವುದು; ಜೋಳದಲ್ಲಿ ಅದು ಇಲ್ಲ. ಆದುದರಿಂದ ಗಾಳಕ್ಕೆ ಡಬಲ್ ರೊಟ್ಟಿ, ಎಂದರೆ ಬೇಕರಿಯಲ್ಲಿ ದೊರೆಯುವ ಗೋಧಿಯ ಬ್ರೆಡ್ಡೇ ಮೇಲು. ಜೋಳದ ರೊಟ್ಟಿಯ ಪುಡಿಯನ್ನು ಮೀನುಗಳನ್ನು ಸ್ಥಳಕ್ಕೆ ಕರೆಯಲು ಚೆಲ್ಲುವುದಕ್ಕೆ ಉಪಯೋಗಿಸಬಹುದು. ಬೂಷ್ಟು ಹಿಡಿದ ರೊಟ್ಟಿಯನ್ನು ಯಾವುದಕ್ಕೂ ಉಪಯೋಗಿಸಕೂಡದು.

ಮಾಡುವ ಕ್ರಮ

ಒಂದು ದಿನ ಹಳೆಯದಾದ ಬ್ರೆಡ್ಡಿನ ೪ ತುಂಡುಗಳನ್ನು ತೆಗೆದುಕೊಂಡು ಸುತ್ತಲಿನ ಗಟ್ಟಿಯಾದ ಅಂಚನ್ನು ಕತ್ತರಿಸಿ ಹಾಕತಕ್ಕದ್ದು. ಅಂಚು ಸಮನಾಗಿ ನೆನೆಯದೆ ಉಂಡೆಯನ್ನು ಒಡೆಯುವುದು. ಒಳಭಾಗವನ್ನು ಪುಡಿಮಾಡಿ, ೨ ಚಮಚ ಗೋಧಿಹಿಟ್ಟು, ೧ ಚಮಚ ಕಡಲೆಹಿಟ್ಟು, ಸ್ವಲ್ಪ ಬೆಲ್ಲ ಮತ್ತು ಚಿಟಿಕೆಯಷ್ಟು ಇಂಗು ಅಥವಾ ಸೋಂಪಿನ ಪುಡಿ ಬೆರೆಸಬೇಕು. ನೀರನ್ನು ಸುರಿಯದೆ, ಕೈಯಿಂದ ಚಿಮುಕಿಸುತ್ತ ಚೆನ್ನಾಗಿ ನಾದಬೇಕು. ಬಳಿಕ ಒದ್ದೆಬಟ್ಟೆಯಲ್ಲಿ ಸುತ್ತಿ ಅರ್ಧ ಗಂಟೆ ಇಡತಕ್ಕದ್ದು.

ದಡಕ್ಕೆ ಹೋಗುವ ಮೊದಲು ಪರೀಕ್ಷೆ ಮಾಡುವುದು ಅವಶ್ಯ. ಕಡಲೆಕಾಳಿನಷ್ಟು ಉಂಡೆಯನ್ನು ನೀರಿನ ಪಾತ್ರೆಯಲ್ಲಿ ಹಾಕಿ ೧೦ ನಿಮಿಷ ನೋಡಬೇಕು. ಮೇಲುಭಾಗ ಮೆತ್ತಗಾಗಿ ಒಳಭಾಗ ಉಳಿದರೆ ಪಾಕ ಸರಿಯಾಗಿದೆ. ಕರಗಿಹೋದರೆ ಗೋಧಿಹಿಟ್ಟನ್ನೂ, ಕಲ್ಲಿನಂತೆ ಉಳಿದರೆ ನೀರನ್ನೂ ಇನ್ನಷ್ಟು ಸೇರಿಸತಕ್ಕದ್ದು. ಹೆಚ್ಚು ಗಟ್ಟಿ ಬೇಕಾದಲ್ಲಿ ಸಣ್ಣ ಉಂಡೆಗಳನ್ನು ಬಟ್ಟೆಯಲ್ಲಿ ಕಟ್ಟಿ ಕೆಲವು ನಿಮಿಷ ಕುದಿಸಬಹುದು.

ಮೀನಿನ ಸ್ವಭಾವ

ಗೆಂಡೆ ಜಾತಿಯ ಮೀನುಗಳಿಗೆ ದವಡೆಯಲ್ಲಿ ಹಲ್ಲುಗಳಿಲ್ಲ, ಅವು ಗಂಟಲಲ್ಲಿರುವುವು. ಇವು ಆಹಾರವನ್ನು ಬಾಯೊಳಗೆ ಹೀರಿ, ಒಪ್ಪದಿದ್ದರೆ ಉಗುಳುವುವು. ಆದುದರಿಂದ ಉಂಡೆಯು ಮೃದುವಾಗಿದ್ದು, ಕೊಕ್ಕೆಯ ಮೊನೆ ಮಾತ್ರ ತುಸು ಹೊರಗಿರಬೇಕು. ಸಾಮಾನ್ಯ ಗೆಂಡೆ ಮತ್ತು ಮೃಗಾಲ್ ತಳದಲ್ಲಿಯೂ, ರೋಹು ನಡುನೀರಿನಲ್ಲಿಯೂ ಮೇಯುವುವು. ಎರೆಯನ್ನು ಅದಕ್ಕೆ ತಕ್ಕಂತೆ ಇಳಿಬಿಡತಕ್ಕದ್ದು. ಕಾಟ್ಲಾ ಮೇಲುನೀರಿನ ಸೂಕ್ಷ್ಮಜೀವಿಗಳನ್ನು ತಿನ್ನುವುದರಿಂದ ತಳಕ್ಕೆ ಬಿಟ್ಟ ಉಂಡೆಗೆ ಬೀಳುವುದು ಅಪರೂಪ. ಮಾಂಸಾಹಾರಿಯಾದ ಕೊರವ ಮೀನಿಗೆ ರೊಟ್ಟಿಯ ಎರೆ ನಿಷ್ಪ್ರಯೋಜಕ.

ಮಿತಿಯ ಅವಶ್ಯಕತೆ

ಚೆಲ್ಲುವ ಪುಡಿಯು ಒಂದು ಹಿಡಿಯನ್ನು ಮೀರಕೂಡದು. ಮೀನು ತಿನ್ನದೆ ಉಳಿದ ಹಿಟ್ಟು ಕೊಳೆತು ನೀರಿನಲ್ಲಿರುವ ಪ್ರಾಣವಾಯುವನ್ನು ಹೀರುವುದು. ಬೇಸಗೆಯಲ್ಲಿ ನೀರು ತಗ್ಗಿ ಕಾದಿರುವಾಗ ಇದರಿಂದ ಮೀನುಗಳಿಗೆ ಅಪಾಯವುಂಟು.

ಗ್ರಾಮಪ್ರಮುಖರ ಕರ್ತವ್ಯ

ಇಷ್ಟು ಅಲ್ಪವಾದ ವಿಷಯವು ಊರಿನ ಹಿರಿಯರ ಗಮನಕ್ಕೆ ಅರ್ಹವೇ ಎಂದು ಕೆಲವರು ಕೇಳಬಹುದು. ಕೆರೆಯ ನೀರು ತಗ್ಗಿದಾಗ, ಗಾಳಕ್ಕೆ ಕಾಯುವ ತಾಳ್ಮೆಯಿಲ್ಲದವರು ವಿಷವನ್ನು ಬೆರೆಸುವುದೂ ಸಿಡಿಮದ್ದನ್ನು ಹಾಕುವುದೂ ಅಲ್ಲಲ್ಲಿ ಉಂಟು. ಇದನ್ನು ೧೮೯೭ರ ಭಾರತೀಯ ಮೀನುಗಾರಿಕಾ ಕಾಯಿದೆಯೇ ಅಪರಾಧವೆಂದು ಎಣಿಸಿತ್ತು. ಗಾಳವು ಒಂದು ಮೀನನ್ನು ಹಿಡಿಯುವುದು. ವಿಷವಾದರೋ ಮರಿಗಳನ್ನೂ ಕೊಂದು, ದನಕರು ಕುಡಿಯುವ ನೀರನ್ನೂ ಕೆಡಿಸುವುದು.

ಕಾಟ್ಲಾ, ರೋಹು, ಮೃಗಾಲ್‌ಗಳು ಪ್ರವಾಹದ ಹೊಳೆಯಲ್ಲಿ ಮೊಟ್ಟೆಯಿಡುವುವೇ ಹೊರತು ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲ. ೧೯೫೭ರಲ್ಲಿ ಡಾ|| ಹೀರಾಲಾಲ್ ಚೌಧುರಿಯವರು ಕಟಕದಲ್ಲಿ ಚುಚ್ಚುಮದ್ದಿನಿಂದ ಈ ಜಾತಿಗಳಿಗೆ ಮೊಟ್ಟೆಯಿಡಿಸುವ ಕ್ರಮವನ್ನು ಸಾಧಿಸಿದ ಮೇಲೆ ಮರಿಗಳು ಕೇಂದ್ರಗಳಿಂದ ಕೆರೆಗಳಿಗೆ ಬರುತ್ತಿವೆ. ಹೀಗೆ ಹಣ ಕೊಟ್ಟು ತಂದ ಮರಿಗಳು ಒಮ್ಮೆ ಸತ್ತರೆ ಕೆರೆಯು ತಾನಾಗಿಯೇ ಅವನ್ನು ತುಂಬಿಕೊಡಲಾರದು. ಆದುದರಿಂದ ಗಾಳಕ್ಕೆ ಬಿದ್ದ ಸಣ್ಣ ಮೀನನ್ನು ಒದ್ದೆಗೈಯಿಂದ ಬಿಡಿಸಿ ನೀರಿಗೆ ಮರಳಿ ಬಿಡತಕ್ಕದ್ದು. ಕೆರೆಯ ಮೀನಿನ ಹಕ್ಕು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿದ್ದಲ್ಲಿ ಅವರ ಅನುಮತಿಯನ್ನು ಪಡೆಯಬೇಕು. ದೇವಸ್ಥಾನಗಳ ಮತ್ತು ಪುಣ್ಯಸ್ಥಳಗಳ ನೀರಿನಲ್ಲಿ ಗಾಳ ಹಾಕದಿರುವುದು ಯೋಗ್ಯ.

ಊರಿನ ತರುಣರಿಗೆ ಬರಿಯ ನಿಷೇಧವನ್ನು ಹೇಳುವುದಕ್ಕಿಂತ, ಸುಲಭವಾದ ಸನ್ಮಾರ್ಗವೊಂದನ್ನು ತೋರಿಸಿ ನಿಷೇಧಿಸುವುದು ಹೆಚ್ಚು ಫಲಕಾರಿ. ನಾಲ್ಕು ತುಂಡು ರೊಟ್ಟಿ ಮತ್ತು ಅರ್ಧ ಗಂಟೆಯ ಶ್ರಮವನ್ನು ಕಲಿಸಿಕೊಟ್ಟ ಗ್ರಾಮಪ್ರಮುಖರು, ಇಡೀ ಊರು ನೆಚ್ಚಿಕೊಂಡ ಕೆರೆಯನ್ನು ಕಾಪಾಡಿದಂತಾಗುವುದು.