ಹಿಗ್ಗಿದ್ದನ್ನು ಹೇಳುವ ರಬ್ಬರು

ಅಳ್ನಾವರದ ಸುತ್ತಲಿನ ಕಬ್ಬು ಕಾರ್ಖಾನೆಗೆ ಹೋದರೆ ಮೊದಲು ಎಲೆಕ್ಟ್ರಾನಿಕ್ ಕಾಟಾದ ಮೇಲೆ ನಿಲ್ಲಬೇಕು. ಅಲ್ಲಿ ತೂಕದ ಕಲ್ಲಿಲ್ಲ, ತಕ್ಕಡಿಯಿಲ್ಲ. ಮತ್ತ ತೂಕ ಹೆಂಗ ಗೊತ್ತಾಗ್ತದ? ಕಾಟಾದ ಕೆಳಗೆ ಉಕ್ಕಿನ ಗಟ್ಟಿಗಳಿವೆ. ಭಾರ ಬಿದ್ದಾಗ ಅವು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತವೆ, ಕುಗ್ಗುತ್ತವೆ. ಅವಕ್ಕೆ ಅಂಟಿಸಿದ ಲೋಹದ ತೆಳು ಎಳೆಯೂ ಜೊತೆಗೇ ಹಿಗ್ಗಿ ಅದರ ವಿದ್ಯುತ್ ರೋಧ ಬದಲಾಗುತ್ತದೆ. ತಂತಿ ಎಳೆದರೆ ರೋಧ ಬದಲಾಗುವುದನ್ನು ಕೆಲ್ವಿನ್ 1856ರಲ್ಲೇ ತೋರಿಸಿದ್ದರು. ರೈತನ ಬಿಲ್ಲು ನಿಂತಿರುವುದು ಇದರ ಮೇಲೆ.

ಆದರೆ ಬದಲಾವಣೆ ಬಹಳ ಸಣ್ಣದು. 1 ಮೀಟರ್ ಉದ್ದದ್ದು 1 ಮಿ.ಮೀ. ಹಿಗ್ಗಿದರೆ ಅದರ ವಿಕೃತಿ 0.001. ರೋಧ ಇದರ ಎಷ್ಟು ಪಟ್ಟು ಬದಲಾಗುತ್ತದೋ ಅದೇ ಸೂಕ್ಷ್ಮತೆಯ ಅಂಕ. ಲೋಹಕ್ಕೆ ಸುಮಾರು 2. ಅಂದರೆ 350 ಓಮ್‌ನ ಎಳೆಯಲ್ಲಿ ಬದಲಾಗುವುದು 0.7 ಓಮ್ ಮಾತ್ರ. ಅಂಕ 20 ಆದರೆ 7 ಓಮ್!

ಇಂಥ ಹೆಚ್ಚಿನ ಅಂಕಕ್ಕಾಗಿ ರಬ್ಬರಿನಲ್ಲಿ ಕಾರ್ಬನ್ ನ್ಯಾನೋ ನಳಿಗೆ ಬೆರೆಸುತ್ತಾರೆ. ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಈ ನಳಿಗೆಗಳನ್ನು ಜಪಾನಿನ ಇಜಿಮಾ 1991ರಲ್ಲಿ ವಿವರಿಸಿದರು. (ಇವುಗಳ ಮೇಲೆ ದ್ರವ ಹರಿಸಿದರೆ ವೋಲ್ಟೇಜ್ ಹುಟ್ಟುತ್ತದೆಂದು 2003ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಮತ್ತು ಸಂಗಡಿಗರು.)

ನಳಿಗೆ ಹೆಚ್ಚು ಹಾಕಿದಷ್ಟೂ ಸೂಕ್ಷ್ಮತೆ ಹೆಚ್ಚು ಅನ್ನಸ್ತದಲ್ಲ? ಹಂಗಲ್ಲ ನೋಡ್ರಿ. ಹಳ್ಳ ದಾಟಲು ಕಲ್ಲು ಇಟ್ಟಿದ್ದಾರೆ ಅನ್ನಿ. ಹಳ್ಳದ ತುಂಬ ಕಲ್ಲಿದ್ದರೆ ನಾಲ್ಕು ಸರಿದರೂ ಬೇರೆ ದಾರಿ ಇದ್ದೇ ಇರ್ತದ. ದಾಟಲು ಸಾಕಾಗುವಷ್ಟೇ ಕಲ್ಲಿದ್ದರೆ, ಒಂದು ಗೇಣು ಸರಿದರೂ ಕಾಲು ನೀರಿಗೆ. ರಬ್ಬರು ತಾನಾಗಿ ವಿದ್ಯುತ್ ಹರಿಸುವುದಿಲ್ಲ. ಎಲೆಕ್ಟ್ರಾನುಗಳು ನಳಿಗೆಯಿಂದ ನಳಿಗೆಗೆ ಜಿಗಿಯಬೇಕು. ರಬ್ಬರು ಎಳೆದಾಗ ನಡುವಿನ ಸಂದು ತುಸು ಹಿಗ್ಗಿದರೂ ಜಿಗಿತ ಭಾಳ ಕಷ್ಟವಾಗಿ ರೋಧ ಏಕದಂ ಏರುತ್ತದೆ. ಆದ್ದರಿಂದ ದಾರಿ ಆಗತಾನೇ ಕೂಡಿಕೊಳ್ಳುವಷ್ಟು ಕಡಿಮೆ ನಳಿಗೆ ಇದ್ದಾಗಲೇ ಸೂಕ್ಷ್ಮತೆ ಹೆಚ್ಚು. ಅದಕ್ಕಿಂತ ಕಡಿಮೆಯಾದರೆ ವಿದ್ಯುತ್ತೇ ಹರಿಯದು. ನಳಿಗೆಗಳು ಗಂಟುಕಟ್ಟಿದರೂ ಕೆಲಸ ಕೆಟ್ಟಿತು, ಸಮನಾಗಿ ಬೆರೆಯಬೇಕು.

ಹಾಗಾದರೆ ಕಾಟಾಕ್ಕೆ ಇದನ್ನೇ ಏಕೆ ಹಾಕಬಾರದು? ಎಳೆದು ಬಿಟ್ಟ ರಬ್ಬರು ತಕ್ಷಣ ಮೊದಲಿನ ರೋಧಕ್ಕೆ ಮರಳುವುದಿಲ್ಲ. ಬಿಸಿಲಿಗೂ ಅದರ ರೋಧ ಬದಲಾಗುತ್ತದೆ. ಮುಂಜಾನೆ ಒಂದು ತೂಕ, ಮಧ್ಯಾಹ್ನ ಇನ್ನೊಂದು ಬಂದರೆ ರೈತ ಯಾವುದನ್ನು ನಂಬಬೇಕು? ಅಲ್ಲಿ ಲೋಹವೇ ವಾಸಿ. ಆದರೆ ಬೆರಳು ಎಷ್ಟು ಮಡಿಚಿತು, ಉಸಿರಿಗೆ ಎದೆ ಎಷ್ಟು ಏರಿತು ಎಂದು ಅಳೆಯಲು ಲೋಹದ ಎಳೆ ಅಷ್ಟು ಹಿಗ್ಗಲಾರದು. ಅಲ್ಲಿ ಈ ರಬ್ಬರಿನ ಪಟ್ಟಿಯೇ ಬೇಕು.