ಸಂಭಾಷಣೆಗೂ ಒಂದು ವ್ಯಾಕರಣವಿದೆ

ಪ್ರಶ್ನೆ: ನನ್ನ ಮಗಳು ಬಿ.ಎ.ಯಲ್ಲಿ ಇಂಗ್ಲಿಷ್ ಐಚ್ಛಿಕ ತೆಗೆದುಕೊಂಡಿದ್ದಾಳೆ. ಆಡುವ ಇಂಗ್ಲಿಷ್, ಬರೆಯುವ ಇಂಗ್ಲಿಷ್ ಎರಡನ್ನೂ ವಿಶ್ಲೇಷಿಸಬೇಕಂತೆ. ಫೋನೀಮ್, ಟರ್ನ್, ರಿಜಿಸ್ಟರ್, ಕೊಹೀಶನ್ ಎಂದು ಪಟ್ಟಿ ಹಿಡಿದು ಬಾಯಿಪಾಠ ಮಾಡುತ್ತಾಳೆ. ಇವುಗಳಲ್ಲಿ ಮುಖ್ಯವಾದವು ಯಾವುವು? ಮನೆಯಲ್ಲಿ ಕೊಡವ ತಕ್ಕ್, ಪೇಟೆಯಲ್ಲಿ ಕನ್ನಡ ಆಡುವ ನಮಗೂ ಇವು ಅರ್ಥವಾಗುತ್ತವೆಯೇ?
– ಓದುಗರೊಬ್ಬರು, ತಿತಿಮತಿ

ಉತ್ತರ: ಖಂಡಿತ ಆಗುತ್ತವೆ. ಬಾಯಿಪಾಠ ಬೇಡ, ನಿಮ್ಮ ಮನೆಯ ಫೋನಿನಿಂದಲೇ ಶುರು ಮಾಡಿ.

ಗೋಣಿಕೊಪ್ಪದಲ್ಲಿರುವ ನೆಂಟರ ಜೊತೆ ಮಾತು ಮುಗಿಸುವಾಗ ಯಾರೂ ಥಟ್ಟನೆ ಫೋನ್ ಇಡುವುದಿಲ್ಲ. “ಸರಿ ಹಾಗಾದ್ರೆ” ಅನ್ನುತ್ತೇವೆ. ಆ ಕಡೆಯಿಂದ “ಆಯ್ತು” ಬರುತ್ತದೆ. ಈ ನಡುವೆ ಯಾರಿಗಾದರೂ “ಅಂದ ಹಾಗೆ” ಎಂದು ಹೊಸ ಸಂಗತಿ ನೆನಪಾದರೆ ಅದಕ್ಕೂ ಜಾಗವಿದೆ. ಆಮೇಲೆ “ಇಡ್ಲಾ?”, “ಹೂಂ, ಇಡಿ.” ಸಮಾಜಶಾಸ್ತ್ರಜ್ಞರಾದ ಇಮ್ಯಾನುಯೆಲ್ ಶೆಗ್ಲಾಫ್ ಮತ್ತು ಹಾರ್ವಿ ಸ್ಯಾಕ್ಸ್ 1973ರಲ್ಲಿ ಪ್ರಕಟಿಸಿದ ಒಂದು ಲೇಖನ ಪೂರ್ತಿ ಇದರ ಬಗ್ಗೆಯೇ ಇದೆ: ಇಂಗ್ಲಿಷಿನಲ್ಲಿ ಮಾತುಕತೆ ಹೇಗೆ ಮುಗಿಯುತ್ತದೆ ಎಂದು. ನಮ್ಮ “ಸರಿ ಹಾಗಾದ್ರೆ” ಮಾಡುವ ಕೆಲಸವನ್ನು ಅಲ್ಲಿ “ವೆಲ್”, “ಓಕೆ” ಮಾಡುತ್ತವೆ. ಅದಕ್ಕೆ ಪ್ರೀ-ಕ್ಲೋಸಿಂಗ್ ಎಂದು ಹೆಸರು. ಪ್ರಶ್ನೆಗೆ ಉತ್ತರ, ನಮಸ್ಕಾರಕ್ಕೆ ನಮಸ್ಕಾರ, ಕರೆಗೆ ಓಗೊಡುವುದು, ಹೀಗೆ ಒಂದು ಇನ್ನೊಂದನ್ನು ಕರೆತರುವ ಜೋಡಿ ಮಾತುಗಳು ಅಡ್ಜೇಸೆನ್ಸಿ ಪೇರ್. “ಭಾನುವಾರ ಮದುವೆಗೆ ಬರ್ತೀರಲ್ಲ?” ಎಂದು ಕೇಳಿದಿರಿ. ಆ ಕಡೆ ಒಂದು ಕ್ಷಣ ಮೌನ. ಅವರು ಬಾಯಿ ಬಿಡುವ ಮೊದಲೇ “ಬರಲಾಗುವುದಿಲ್ಲ” ಎಂಬುದು ನಿಮಗೆ ತಿಳಿದುಬಿಡುತ್ತದೆ. ಒಪ್ಪಿಗೆ ಬೇಗ ಬರುತ್ತದೆ, ನಿರಾಕರಣೆ ತಡವಾಗಿ, ಕಾರಣದ ಸಮೇತ ಬರುತ್ತದೆ. ಇಂಗ್ಲಿಷಿನಲ್ಲೂ ಹಾಗೆಯೇ.

ಶೆಗ್ಲಾಫ್ ಮತ್ತು ಸ್ಯಾಕ್ಸ್ ಅವರೇ ಗೇಲ್ ಜೆಫರ್ಸನ್ ಜೊತೆ ಸೇರಿ 1974ರಲ್ಲಿ ಟರ್ನ್ ಟೇಕಿಂಗ್ ಕುರಿತು ಬರೆದರು. ಯಾರ ಸರದಿ ಎಲ್ಲಿ ಮುಗಿಯುತ್ತದೆ, ಮುಂದಿನವರು ಯಾವ ಗಳಿಗೆಯಲ್ಲಿ ಬಾಯಿ ಹಾಕುತ್ತಾರೆ ಎಂಬ ಲೆಕ್ಕಾಚಾರ ಅದು. ಕೇಳುವವರ “ಹೂಂ”, “ಹೌದಾ” ಸರದಿ ಕಸಿಯುವುದಿಲ್ಲ, ಮುಂದುವರಿಸಿ ಎನ್ನುತ್ತದೆ, ಅದು ಬ್ಯಾಕ್‌ಚಾನಲ್.

ಕೆಲವು ಪಾಠದ ಟಿಪ್ಪಣಿಗಳು ಫಿಲ್ಲರ್, ಶುರು ಮಾಡಿ ಅರ್ಧಕ್ಕೆ ಬಿಡುವ ಫಾಲ್ಸ್ ಸ್ಟಾರ್ಟ್, ಪದ ಬಿಟ್ಟು ಆಡುವ ಎಲಿಪ್ಸಿಸ್‌ಗಳನ್ನು ಆಡುಮಾತಿನ ದೋಷಗಳ ಪಟ್ಟಿಗೆ ಸೇರಿಸುತ್ತವೆ. ಇದನ್ನು ನಾನು ಒಪ್ಪುವುದಿಲ್ಲ, ನಿಮ್ಮ ಮಗಳೂ ಒಪ್ಪಬಾರದು. ಬರೆಯುವವರಿಗೆ ತಿದ್ದಲು ಸಮಯವಿದೆ. ಆಡುವವರು ಯೋಚಿಸುತ್ತಲೇ ಆಡಬೇಕು. “ಅಮ್...” ಎಂಬ ಫಿಲ್ಲರ್ ‘ನನ್ನ ಸರದಿ ಮುಗಿದಿಲ್ಲ’ ಎಂದು ಸಾರುತ್ತದೆ. “ಟೀ?” ಎಂದರೆ “ಸಕ್ಕರೆ ಬೇಡ” ಎಂದು ಉತ್ತರಿಸುತ್ತೇವೆ. ಕರ್ತೃ, ಕ್ರಿಯಾಪದ ಎರಡೂ ಇಲ್ಲದ ಆ “ಟೀ?” ಎಂಬ ಮಾತಿನಲ್ಲಿ ಏನೂ ಕೊರತೆಯಿಲ್ಲ.

ಇನ್ನು ಫೋನೀಮ್. ಅರ್ಥವನ್ನು ಬೇರೆ ಮಾಡಬಲ್ಲ ಧ್ವನಿಗೆ ಈ ಹೆಸರು. ಕನ್ನಡದ ಭಾಷಾವಿಜ್ಞಾನದ ಪುಸ್ತಕಗಳಲ್ಲಿ ಧ್ವನಿಮಾ ಎಂದಿದೆ. ಇಂಗ್ಲೆಂಡಿನವರು “ಪಿನ್” ಎಂದಾಗ ‘ಪ್’ ಜೊತೆ ಉಸಿರು ಜೋರಾಗಿ ನುಗ್ಗುತ್ತದೆ, “ಸ್ಪಿನ್” ಎಂದಾಗ ನುಗ್ಗುವುದಿಲ್ಲ. ಅರ್ಥ ಬದಲಾಗದ ಕಾರಣ ಅವರ ಕಿವಿಗೆ ಎರಡೂ ‘ಪ್’ ಒಂದೇ. ನಮ್ಮ ಬರಹದಲ್ಲಾದರೋ ಕರ ಬೇರೆ, ಖರ ಬೇರೆ. ಉಸಿರಿಲ್ಲದ ನಮ್ಮ “ಪಿನ್” ಅವರಿಗೆ ಕೆಲವೊಮ್ಮೆ “ಬಿನ್” ಎಂದು ಕೇಳಿಸುವುದು ಇದರಿಂದಲೇ. ನಿಮ್ಮ ಮನೆಮಾತೇ ಇದಕ್ಕಿಂತ ಒಳ್ಳೆಯ ಉದಾಹರಣೆ ಕೊಡುತ್ತದೆ. ಕೊಡವ ತಕ್ಕಿಗೆ 1867ರಲ್ಲೇ ಆರ್.ಎ. ಕೋಲ್ ಎಂಬ ಸೇನಾಧಿಕಾರಿ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದಿದ್ದರು. 1930ರ ದಶಕದಲ್ಲಿ ಭಾರತಕ್ಕೆ ಬಂದ, ಕೆನಡಾ ಮೂಲದ ಭಾಷಾವಿಜ್ಞಾನಿ ಎಂ.ಬಿ. ಎಮೆನೋ ಈ ಭಾಷೆಯನ್ನು ಆಡುವವರ ಬಾಯಿಂದಲೇ ಕೇಳಿ ಬರೆದುಕೊಂಡರು. ಅದರ ಸ್ವರಗಳ ಬಗ್ಗೆಯೇ 1970ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅ, ಇ, ಉ, ಎ, ಒ ಅಲ್ಲದೆ ಇನ್ನೆರಡು ಸ್ವರಗಳು ಇದರಲ್ಲಿವೆ, ಅವುಗಳಿಗೆ ದೀರ್ಘರೂಪವೂ ಉಂಟು. ಕನ್ನಡ ಲಿಪಿಯಲ್ಲಿ ಅವಕ್ಕೆ ಅಕ್ಷರವಿಲ್ಲ. ನೀವು ದಿನವೂ ಆಡುವ ಸ್ವರ ಬರಹದಲ್ಲಿ ಸಿಗದು ಎಂಬುದು ಗೊತ್ತಿದ್ದರೆ, 26 ಅಕ್ಷರಗಳಲ್ಲಿ ಸುಮಾರು 44 ಧ್ವನಿಗಳನ್ನು ಹಿಡಿಯಲು ಇಂಗ್ಲಿಷ್ ಏಕೆ ಒದ್ದಾಡುತ್ತದೆ ಎಂಬುದೂ ಗೊತ್ತಾದಂತೆ.

ಬರಹಕ್ಕೆ ಬರೋಣ. ಹುಣಸೂರಿನಿಂದ ನಿಮ್ಮೂರಿಗೆ ಬರುವ ಕಾಡುದಾರಿಯಲ್ಲಿ ಕಾವಲುಗಾರರೊಬ್ಬರು ಇಂಗ್ಲಿಷಿನಲ್ಲಿ ಎಚ್ಚರಿಸಿದರೆ “ಡೋಂಟ್ ಸ್ಟಾಪ್ ಹಿಯರ್” ಅಂದಾರು. ಫಲಕಕ್ಕೆ ಅದೇ ಮಾತು “ಸ್ಟಾಪಿಂಗ್ ಆಫ್ ವೆಹಿಕಲ್ಸ್ ಈಸ್ ಪ್ರೊಹಿಬಿಟೆಡ್” ಎಂದಾಗುತ್ತದೆ. ನಿಲ್ಲಿಸುವ ಕ್ರಿಯೆ ನಾಮಪದವಾಯಿತು, ಅದು ನಾಮಿನಲೈಸೇಶನ್. ನಿಷೇಧಿಸಿದವರು ಯಾರೆಂಬುದು ಮರೆಯಾಯಿತು, ಅದು ಪ್ಯಾಸಿವ್. “ಹಿಯರ್” ಬಿದ್ದುಹೋಯಿತು, ಆಡುವವರು ಎದುರಿಗಿದ್ದರೆ ಮಾತ್ರ ಅರ್ಥ ಕೊಡುವ ಇಂಥ ಪದಗಳ ಗುಣ ಡೈಕ್ಸಿಸ್. ಸಂದರ್ಭಕ್ಕೆ ತಕ್ಕಂತೆ ಭಾಷೆ ಹೀಗೆ ಬದಲಾಗುವುದೇ ರಿಜಿಸ್ಟರ್. ವಿಷಯ ಏನು, ಆಡುವವರ ನಡುವೆ ಸಂಬಂಧ ಎಂಥದ್ದು, ಮಾಧ್ಯಮ ಯಾವುದು ಎಂಬ ಮೂರನ್ನೂ ಅದಕ್ಕೆ ನೋಡಬೇಕೆಂದವರು ಭಾಷಾವಿಜ್ಞಾನಿ ಎಂ.ಎ.ಕೆ. ಹ್ಯಾಲಿಡೇ. ಅವರೂ, ಉತ್ತರ ಪ್ರದೇಶದ ಪ್ರತಾಪಗಢದಲ್ಲಿ ಹುಟ್ಟಿದ ರುಖಯ್ಯಾ ಹಸನ್ ಅವರೂ ಸೇರಿ 1976ರಲ್ಲಿ ಕೊಹೀಶನ್ ಕುರಿತು ಗ್ರಂಥವನ್ನೇ ಬರೆದರು. ಸರ್ವನಾಮ, “ಆದರೆ”, “ಆದ್ದರಿಂದ”, ಪದಗಳ ಪುನರಾವರ್ತನೆ, ಇವು ವಾಕ್ಯವನ್ನು ವಾಕ್ಯಕ್ಕೆ ಹೆಣೆಯುವ ಬಗೆ ಅದು.

ವಾಟ್ಸ್ಯಾಪ್ ಸಂದೇಶದಲ್ಲಿ ಆಡುಮಾತು, ಬರಹಗಳ ನಡುವಿನ ಗಡಿ ಅಳಿಸಿಹೋಗಿದೆ: ಬೆರಳು ಬರೆಯುತ್ತದೆ, ರೀತಿ ಆಡುಮಾತಿನದು. ಒಳ್ಳೆಯ ಪ್ರಾಜೆಕ್ಟ್ ವಿಷಯವಾದೀತು.

ಅದಕ್ಕೂ ಮೊದಲು ಮಗಳು ಒಂದು ಕೆಲಸ ಮಾಡಲಿ. ಮನೆಯವರ ಒಪ್ಪಿಗೆ ಪಡೆದು ಎರಡು ನಿಮಿಷದ ಮಾತುಕತೆ ರೆಕಾರ್ಡ್ ಮಾಡಲಿ, ತಕ್ಕ್ ಆದರೂ ಸರಿ, ಕನ್ನಡವಾದರೂ ಸರಿ. ತಿದ್ದದೆ, ಕೇಳಿಸಿದ್ದನ್ನು ಕೇಳಿಸಿದಂತೆ ಬರೆಯಲಿ. ಜೆಫರ್ಸನ್ ರೂಪಿಸಿದ ಪದ್ಧತಿಯಲ್ಲಿ ಮೌನದ ಅವಧಿಯನ್ನು ದುಂಡು ಆವರಣದೊಳಗೆ ಸೆಕೆಂಡಿನಲ್ಲಿ ಬರೆಯುತ್ತಾರೆ, ಇಬ್ಬರು ಒಟ್ಟಿಗೆ ಮಾತಾಡಿದ ಕಡೆ ಚೌಕ ಆವರಣ ಹಾಕುತ್ತಾರೆ, ಎಳೆದ ಸ್ವರದ ಮುಂದೆ ಎರಡು ಚುಕ್ಕೆ ಇಡುತ್ತಾರೆ. ಬರೆದಾದ ಮೇಲೆ ಪಟ್ಟಿಯನ್ನು ಪಕ್ಕಕ್ಕಿಟ್ಟುಕೊಂಡು, ಯಾವ ಹೆಸರು ಎಲ್ಲಿ ಸಲ್ಲುತ್ತದೆ ಎಂದು ಗುರುತು ಹಾಕುತ್ತ ಹೋಗಲಿ. ಇಂಗ್ಲಿಷ್ ಸಂಭಾಷಣೆಯ ಸರದಿ ಅದರ ನಂತರ.