ಮುಖ ಬರೆದು ಬದುಕುವ ಕಸುಬು

ಭಾವಚಿತ್ರ ಬರೆದೇ ಜೀವನ ಸಾಗಿಸಬೇಕೆಂದಿರುವ ಕಿರಿಯರಿಗೆ,

ಭಾವಚಿತ್ರವು ಇನ್ನೊಬ್ಬರು ಕೇಳಿ ಬರೆಸಿಕೊಳ್ಳುವ ಚಿತ್ರ. ಯಾರ ಮುಖ, ಎಷ್ಟು ಅಳತೆ, ಎಂದಿಗೆ ಬೇಕು ಎಂಬುದೆಲ್ಲ ಕುಂಚ ಹಿಡಿಯುವ ಮೊದಲೇ ಗೊತ್ತಾಗಿರುತ್ತದೆ. ಹಾಗಾಗಿ ಈ ಕಸುಬಿನಲ್ಲಿ ಕೈಗೆ ಎಷ್ಟು ಬೆಲೆಯೋ ಮಾತಿಗೂ ಲೆಕ್ಕಕ್ಕೂ ಅಷ್ಟೇ ಬೆಲೆ. ರಾಜಾ ರವಿವರ್ಮರ (1848–1906) ವೃತ್ತಿಜೀವನದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ.

ಅವರಿಗೆ ಎಣ್ಣೆಬಣ್ಣ ಹೇಳಿಕೊಡುವ ಗುರು ಸಿಗಲಿಲ್ಲ. ತಿರುವಾಂಕೂರಿನ ಆಸ್ಥಾನ ಚಿತ್ರಕಾರ ರಾಮಸ್ವಾಮಿ ನಾಯ್ಕರ್ ಗುಟ್ಟು ಬಿಟ್ಟುಕೊಡಲಿಲ್ಲ. 1868ರಲ್ಲಿ ಅಲ್ಲಿಗೆ ಬಂದ ಚಿತ್ರಕಾರ ಥಿಯೋಡೋರ್ ಜೆನ್ಸನ್, ತಾನು ಬರೆಯುವುದನ್ನು ನೋಡಲು ಬಿಟ್ಟನೇ ಹೊರತು ಕಲಿಸಲಿಲ್ಲ. ನೋಡಿದ್ದನ್ನು ಮಾಡಿ, ಕೆಡಿಸಿ, ಮತ್ತೆ ಮಾಡಿದ್ದೇ ಪಾಠವಾಯಿತು. ಇಂದು ಮೈಸೂರಿನ ಕಾವಾದಂಥ ಕಲಾಶಾಲೆಗಳಿವೆ. ಆದರೂ ಅಲ್ಲಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಒಂದೇ ಚಿತ್ರದ ಮುಂದೆ ಅರ್ಧ ದಿನ ನಿಲ್ಲುವುದು ಬೇರೆಯೇ ಕಲಿಕೆ.

ಹೋಲಿಕೆ ಹುಟ್ಟುವುದು ರೆಪ್ಪೆಗೂದಲಿನಲ್ಲಿ ಅಲ್ಲ. ಕಣ್ಣು ಕಿರಿದು ಮಾಡಿ ನೋಡಿದಾಗ ವಿವರವೆಲ್ಲ ಮಾಸಿ, ಬೆಳಕು ನೆರಳಿನ ನಾಲ್ಕಾರು ದೊಡ್ಡ ತುಂಡುಗಳು ಉಳಿಯುತ್ತವೆ. ಅವು ಸರಿಯಾದರೆ ಮುಖ ಅರ್ಧ ಬಂದಂತೆ. ಕಣ್ಣಿನ ಬಿಳಿಗೆ ಅಚ್ಚ ಬಿಳಿ ಹಚ್ಚುವುದು ಹೊಸಬರ ತಪ್ಪು. ರೆಪ್ಪೆಯ ನೆರಳು ಬಿದ್ದು ಅದು ಬೂದುಬಣ್ಣಕ್ಕೆ ತಿರುಗಿರುತ್ತದೆ. ಕೂತವರು ದಣಿದರೆ ಬಾಯಿಯ ಮೂಲೆ ಇಳಿಯುತ್ತದೆ. ಆಗ ಕೆಲಸ ನಿಲ್ಲಿಸಿ ಅವರನ್ನು ಏಳಿಸಬೇಕು. ಚಿತ್ರವನ್ನು ಕನ್ನಡಿಯಲ್ಲಿ ನೋಡಿದರೆ ವಾರೆಯಾದ ಮೂಗು ಕೂಡಲೇ ಸಿಕ್ಕಿಬೀಳುತ್ತದೆ. ಕೆಳಪದರದ ಬಣ್ಣದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ತಿರುಗುಮುರುಗಾದರೆ ಕೆಲವೇ ವರ್ಷಗಳಲ್ಲಿ ಕೆನ್ನೆ ಬಿರಿಯುತ್ತದೆ.

ಸತ್ತವರ ಚಿತ್ರಕ್ಕೆ ಮನೆಯವರು ತರುವುದು ಹೆಚ್ಚಾಗಿ ಒಂದು ಪಾಸ್‌ಪೋರ್ಟ್ ಫೋಟೋ. ಎದುರಿನ ಫ್ಲ್ಯಾಶ್ ನೆರಳನ್ನೆಲ್ಲ ತಿಂದುಹಾಕಿರುತ್ತದೆ. ಬೇರೆ ಕೋನದ ಫೋಟೋಗಳನ್ನು, ಮುಖಚಹರೆ ಹೋಲುವ ಮಗನನ್ನೋ ತಂಗಿಯನ್ನೋ ನೋಡದೆ ಬರೆಯಬಾರದು.

ಗಿರಾಕಿಗಳು ಒಬ್ಬರಿಂದೊಬ್ಬರು ಬರುತ್ತಾರೆ. ರವಿವರ್ಮರಿಗೆ 1873ರಲ್ಲಿ ಮದ್ರಾಸಿನ ಪ್ರದರ್ಶನದಲ್ಲಿ ಚಿನ್ನದ ಪದಕ ಬಂತು; ಮುಂದೆ ಬರೋಡ, ಮೈಸೂರು ಅರಮನೆಗಳು ಕರೆಸಿಕೊಂಡವು. ಊರೂರು ತಿರುಗಿದ ಈ ದುಡಿಮೆಯಲ್ಲಿ ತಮ್ಮ ರಾಜರಾಜವರ್ಮ ಜೊತೆಗಿದ್ದು ವ್ಯವಹಾರ ನೋಡಿಕೊಂಡರು, ಚಿತ್ರಗಳಿಗೂ ಕೈಜೋಡಿಸಿದರು. ಅಂಥ ತಮ್ಮ ಇಲ್ಲದವರಿಗೆ ಕರಾರಿನ ಕಾಗದವೇ ತಮ್ಮ: ಅಳತೆ, ಬೆಲೆ, ಮುಂಗಡ, ಗಡುವು, ಎಷ್ಟು ಸಲ ತಿದ್ದಿಕೊಡುವುದು ಎಂಬಿಷ್ಟೂ ಅದರಲ್ಲಿರಬೇಕು.

1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮರ ಅಚ್ಚುಕೂಟ ದೇವರ ಪಟಗಳನ್ನು ಮನೆಮನೆಗೆ ಮುಟ್ಟಿಸಿತು, ಆದರೆ ಸಾಲಕ್ಕೂ ಸಿಲುಕಿತು. ಕೊನೆಗೆ ಜರ್ಮನ್ ತಂತ್ರಜ್ಞನೊಬ್ಬನಿಗೆ ಮಾರಾಟವಾಯಿತು. ಚಿತ್ರ ಬರೆಯುವುದು ಒಂದು ಕಸುಬು, ಅದನ್ನು ಅಚ್ಚು ಹಾಕಿ ಮಾರುವುದು ಇನ್ನೊಂದು. ಎರಡರ ಲೆಕ್ಕವನ್ನೂ ಬೇರೆಬೇರೆ ಪುಸ್ತಕದಲ್ಲಿ ಇಡುವುದು ಕ್ಷೇಮ.

ಇಂತಿ,
ಹಿರಿಯ ಚಿತ್ರಕಾರ